ಚಳಿಗಾಲದ ಹಕ್ಕಿಗೆ ಕೊಂಡಜ್ಜಿನಾ, ಸೂಳೆಕೆರೆನಾ, ಜೋಗಿಮಟ್ಟಿನಾ?

ಚಳಿಗಾಲದಲ್ಲಿ ಹಕ್ಕಿ ನೋಡೋಕೆ ಈ ಮೂರು ಜಾಗದಲ್ಲಿ ಯಾವ್ದಕ್ಕೆ ಹೋಗ್ಬೇಕು ಅಂತ ಕೇಳಿದ್ರಲ್ಲ, ಅದು ನಿಮ್ಹತ್ರ ಎಷ್ಟು ಟೈಮಿದೆ, ಕೈಲಿ ಏನಿದೆ ಅನ್ನೋದ್ರ ಮೇಲೆ ಹೋಗುತ್ತೆ. ಟೈಮ್ ಕಮ್ಮಿ ಇದ್ದು ಮಕ್ಕಳನ್ನೂ ಕರ್ಕೊಂಡು ಹೋಗೋದಾದ್ರೆ ಕೊಂಡಜ್ಜಿ ಕೆರೆ, ದಾವಣಗೆರೆಗೆ ಹತ್ರ, ಬೆಣ್ಣೆದೋಸೆ ಹೊತ್ತಿಗೆ ವಾಪಸ್ ಬರ್ಬೋದು. ಕೆರೆ ದಂಡೆ ಮೇಲೆ ಕುಂಡೆಕುಸ್ಕ ಹಕ್ಕಿ (ವ್ಯಾಗ್‌ಟೇಲ್) ನಾಕು ಹೆಜ್ಜೆ ಓಡಿ, ನಿಂತು, ಬಾಲ ಕುಣಿಸಿ ಹುಳ ಹಿಡಿಯೋದು ಬರಿಗಣ್ಣಿಗೇ ಕಾಣುತ್ತೆ.

ವಲಸೆ ಬಾತುಗಳೇ ಬೇಕು ಅಂದ್ರೆ ಚನ್ನಗಿರಿ ತಾಲೂಕಿನ ಸೂಳೆಕೆರೆ, ಅಂದ್ರೆ ಶಾಂತಿಸಾಗರ. ಆದ್ರೆ ಕೆರೆ ಸಿಕ್ಕಾಪಟ್ಟೆ ದೊಡ್ಡದು, ಬಾತುಗಳು ನಡುನೀರಲ್ಲಿ ಕೂತ್ರೆ ಎಂಟು ಪಟ್ಟು ಹತ್ರ ತೋರ್ಸೋ 8×42 ಬೈನಾಕ್ಯುಲರಲ್ಲೂ ಬರೀ ಚುಕ್ಕೆ, ಸ್ಟ್ಯಾಂಡ್ ಮೇಲಿಟ್ಟು ನೋಡೋ ದುರ್ಬೀನು, ಅಂದ್ರೆ ಸ್ಕೋಪ್ ಇದ್ರೆ ಮಾತ್ರ ಸೂಜಿಬಾಲದ ಬಾತಿನ ಗಂಡು ಗುರ್ತು ಸಿಗೋದು: ಚಾಕೊಲೇಟ್ ಬಣ್ಣದ ತಲೆ, ಕತ್ತಿನ ಪಕ್ಕ ಮೇಲಕ್ಕೆ ಏರೋ ಬಿಳಿ ಗೆರೆ. ದಾವಣಗೆರೆಯಿಂದ ಪೆಟ್ರೋಲ್ ಖರ್ಚೂ ಕೊಂಡಜ್ಜಿಗಿಂತ ಇದಕ್ಕೆ ಜಾಸ್ತಿ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟ ಬೇರೆ ಲೆಕ್ಕ. ನೀರಹಕ್ಕಿ ಮರ್ತುಬಿಡಿ, ಅಲ್ಲಿ ನವಿಲು, ಕುರುಚಲು ಕಾಡಿನ ಹಕ್ಕಿ, ಎಲೆ ಮಧ್ಯೆ ಒಂದ್ಕಡೆ ನಿಲ್ಲದ ಪುಟ್ಟ ಉಲಿಯಕ್ಕಿಗಳು (ವಾರ್ಬ್ಲರ್), ಕಣ್ಣಿಗಿಂತ ಕಿವಿಗೇ ಕೆಲ್ಸ. ಚಿತ್ರದುರ್ಗದಲ್ಲೇ ಇರೋರಿಗೆ ಇದೇ ಸಲೀಸು. ಮೇಲೆ ಗಾಳಿ ಜೋರು, ಸ್ವೆಟರ್ ಇರ್ಲಿ, ಗೇಟ್ ಟೈಮಿಂಗ್ ಅರಣ್ಯ ಇಲಾಖೇಲಿ ಮೊದ್ಲೇ ಕೇಳ್ಕೊಳ್ಳಿ.