ಸೈಡ್‌ಬ್ಯಾಂಡ್ ಗುಂಡಿಯ ರೇಡಿಯೊ: ಹೊಸನಗರದಲ್ಲಿ ನಾಲ್ಕು ಮಳೆಗಾಲದ ಬಳಿಕ

ಈ ರೇಡಿಯೊ ಕೊಂಡು ನಾಲ್ಕು ಮಳೆಗಾಲ ಕಳೆಯಿತು. ನಮ್ಮ ಮನೆ ಹೊಸನಗರದ ಹತ್ತಿರ, ಸುತ್ತಲೂ ಗುಡ್ಡ. ಎಫ್‌ಎಂ ನೆಟ್ಟಗೆ ಸಿಗುವುದಿಲ್ಲ. ಮೀಡಿಯಂ ವೇವ್ ಮಾತ್ರ ನೆಲ ಹಿಡಿದು ಗುಡ್ಡ ದಾಟಿ ಬರುತ್ತದೆ. ಹಾಗಾಗಿ ನಮಗೆ ರೇಡಿಯೊ ಅಂದರೆ 675 ಕಿಲೋಹರ್ಟ್ಸ್‌ನ ಭದ್ರಾವತಿ ಆಕಾಶವಾಣಿ.

ಮಾಮೂಲಿ ರೇಡಿಯೊಗಿಂತ ನಾಲ್ಕೈದು ಪಟ್ಟು ಜಾಸ್ತಿ ದುಡ್ಡು ಕೊಟ್ಟೆ. ಇದರಲ್ಲಿ ಸಿಂಕ್ ಎಂಬ ಗುಂಡಿ ಇದೆ. ಸ್ಟೇಷನ್ನಿನ ಫ್ರೀಕ್ವೆನ್ಸಿಯ ಎರಡೂ ಪಕ್ಕಗಳಲ್ಲಿ ಮಾತು ಹೊತ್ತು ಬರುವ ಅಲೆಗಳ ಪಟ್ಟಿಗೆ ಸೈಡ್‌ಬ್ಯಾಂಡ್ ಎನ್ನುತ್ತಾರೆ. ಗುಂಡಿ ಒತ್ತಿದರೆ ಮೇಲಿನ ಸೈಡ್‌ಬ್ಯಾಂಡ್ ಅಥವಾ ಕೆಳಗಿನದು, ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು.

ಅದರ ಬೆಲೆ ಗೊತ್ತಾದದ್ದು ಮನೆಗೆ ಇನ್ವರ್ಟರ್ ಹಾಕಿಸಿದ ಮೇಲೆ. ಬ್ಯಾಟರಿ ಚಾರ್ಜ್ ಆಗುವಾಗಲೆಲ್ಲ ವಾರ್ತೆಯ ಜೊತೆ ಒಂದು ಸಿಳ್ಳೆ. ಕೆಳಗಿನ ಸೈಡ್‌ಬ್ಯಾಂಡ್ ಆರಿಸಿದೆ. ಸಿಳ್ಳೆ ಹೋಯಿತು, ವಾರ್ತೆ ಉಳಿಯಿತು! ಒಂದು ಪಕ್ಕವನ್ನೇ ಬಿಟ್ಟರೂ ಒಂದು ಮಾತೂ ತಪ್ಪಲಿಲ್ಲ.

ತಂಬೂರಿ ಶ್ರುತಿ ಮಾಡುವುದನ್ನು ಕೇಳಿದ್ದೀರಲ್ವಾ? ಎರಡು ತಂತಿ ಕೂದಲೆಳೆಯಷ್ಟು ಬೇರೆಯಾದರೂ ಸದ್ದು ಏರಿ ಇಳಿದು ಅಲೆಯಾಡುತ್ತದೆ. ಹಾಗೆ ಒಂದೇ ಸಮ ಏರಿಳಿಯುವ ಸದ್ದಿನೊಳಗೆ ಒಂದಕ್ಕಿಂತ ಜಾಸ್ತಿ ಸ್ವರ ಇರುತ್ತದೆ. ಎಎಂನಲ್ಲೂ, ಅಂದರೆ ಮೀಡಿಯಂ ವೇವ್ ಸ್ಟೇಷನ್‌ಗಳು ಅಲೆಯ ಬಲ ಏರಿಳಿಸಿ ಮಾತು ಕಳಿಸುವ ರೀತಿಯಲ್ಲೂ, ಹಾಗೇ. ಬಲ ಬದಲಾಗದ ಅಲೆಗೆ ಒಂದೇ ಫ್ರೀಕ್ವೆನ್ಸಿ. 675 ಕಿಲೋಹರ್ಟ್ಸ್‌ನ ಅಲೆಯ ಬಲವನ್ನು ಸೆಕೆಂಡಿಗೆ 3,000 ಸಲ ಏರಿಸಿ ಇಳಿಸಿದರೆ 672ರಲ್ಲಿ ಒಂದು, 678ರಲ್ಲಿ ಒಂದು ಹೊಸ ಅಲೆ ಹುಟ್ಟುತ್ತದೆ. ನಡುವಿನ 675 ಇದ್ದ ಹಾಗೇ ಇರುತ್ತದೆ. ಅದರಲ್ಲಿ ಮಾತೂ ಇಲ್ಲ, ಹಾಡೂ ಇಲ್ಲ. ಇರುವುದೆಲ್ಲ ಎರಡು ಪಕ್ಕಗಳಲ್ಲಿ, ಎರಡರಲ್ಲೂ ಅದೇ ಮಾತು. ನಮ್ಮ ಇನ್ವರ್ಟರ್ ಕೂಗುತ್ತಿದ್ದದ್ದು 677ರ ಹತ್ತಿರ. ಹಾಗಾಗಿ ಕೆಳಗಿನ ಪಕ್ಕಕ್ಕೆ ಅದು ತಾಗಲಿಲ್ಲ.

ಮಾತೇ ಇಲ್ಲದ ಆ ನಡುವಿನ ಅಲೆ, ಪೂರ್ತಿ ಮಾಡ್ಯುಲೇಶನ್ (ಬಲದ ಏರಿಳಿತ) ಇದ್ದಾಗಲೂ ಸ್ಟೇಷನ್ ಕಳಿಸುವುದರ ಮೂರರಲ್ಲಿ ಎರಡು ಪಾಲು ಶಕ್ತಿ ತಿನ್ನುತ್ತದೆ. ಒಂದು ಪಕ್ಕವೇ ಸಾಕು ಎಂದು ಅಮೆರಿಕದ ಎಂಜಿನಿಯರ್ ಜಾನ್ ಕಾರ್ಸನ್ 1915ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. ಆದರೆ ನಡುವಿನದನ್ನು ತೆಗೆದುಬಿಟ್ಟರೆ ಸಾದಾ ರೇಡಿಯೊದಲ್ಲಿ ಮಾತು ಗೊರಗೊರ ಆಗುತ್ತದೆ. ನಮ್ಮ ಅಜ್ಜನ ಹಳೇ ಸೆಟ್ ಹಾಡುತ್ತಿದ್ದದ್ದು ಆ ಅಲೆ ಇದ್ದದ್ದರಿಂದ.

ರಾತ್ರಿ ಸಿಂಕ್ ಇನ್ನೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಕತ್ತಲಾದ ಮೇಲೆ ಅಲೆ ನೆಲದ ಮೇಲಿಂದಲೂ ಬರುತ್ತದೆ, ಆಕಾಶಕ್ಕೆ ಹೋಗಿ ಮರಳಿಯೂ ಬರುತ್ತದೆ. ಎರಡೂ ಸೇರುವಾಗ ಕೆಲವೊಮ್ಮೆ ನಡುವಿನ ಅಲೆ ಮಾತ್ರ ಸೊರಗುತ್ತದೆ, ಹಾಡು ಒಡೆದು ಕೇಳುತ್ತದೆ. ಆಗ ಈ ರೇಡಿಯೊ ತನ್ನೊಳಗೇ ಆ ಅಲೆ ಹುಟ್ಟಿಸಿಕೊಂಡು ಹಾಡನ್ನು ಕಾಯುತ್ತದೆ. ಧಾರವಾಡದ 765 ಕೇಳುವಾಗ ನನಗೆ ಇದು ಬೇಕೇ ಬೇಕು. ಸಿಗ್ನಲ್ ತೀರಾ ಸಣ್ಣದಾದರೆ ಮಾತ್ರ ಹಿಡಿತ ತಪ್ಪಿ ಗುಯ್ ಅನ್ನುತ್ತದೆ.

ಬ್ಯಾಂಡ್‌ವಿಡ್ತ್ ಸ್ವಿಚ್ಚನ್ನು (ರೇಡಿಯೊ ಎಷ್ಟು ಅಗಲದ ಪಟ್ಟಿ ಹಿಡಿಯಬೇಕೆಂದು ಹೇಳುವುದು) ನ್ಯಾರೋ, ಅಂದರೆ ಕಿರಿದು, ಕಡೆಗೆ ತಳ್ಳುವಾಗ ಸ್ವಲ್ಪ ಯೋಚಿಸಿ. ಯಕ್ಷಗಾನ ಬರುವಾಗ ತಳ್ಳಿದರೆ ಮದ್ದಳೆ ಉಳಿಯುತ್ತದೆ, ಭಾಗವತರ ತಾಳ ಮಂಕಾಗುತ್ತದೆ. ತಾಳದಂಥ ಎತ್ತರದ ಸ್ವರಗಳೆಲ್ಲ ಸೈಡ್‌ಬ್ಯಾಂಡಿನ ಹೊರ ಅಂಚಿನಲ್ಲಿರುತ್ತವೆ, ನ್ಯಾರೋ ಕತ್ತರಿಸುವುದು ಅದನ್ನೇ.

ತೊಂದರೆ ಇಲ್ಲ ಎನ್ನಲಾರೆ. ಸ್ಟೇಷನ್ ತಿರುಗಿಸುವ ಚಕ್ರ ಎರಡನೇ ಮಳೆಗಾಲಕ್ಕೇ ಥಂಡಿ ಹಿಡಿದು ಜಿಗಿಯತೊಡಗಿತು. 675ರಿಂದ ಒಂದು ಹೆಜ್ಜೆ ತಿರುಗಿಸಿದರೆ ಮೂರು ಹೆಜ್ಜೆ ಹಾರುತ್ತದೆ. ಬ್ಯಾಟರಿ ಮುಚ್ಚಳದ ಕೊಂಡಿಯೂ ಮುರಿದಿದೆ. ಈಗ ಜೂನ್ ಬಂತೆಂದರೆ ರೇಡಿಯೊವನ್ನು ಅಡುಗೆಮನೆಗೆ ತಂದು, ಒಲೆಯ ಬೆಚ್ಚಗೆ ತಾಗುವ ಗೂಡಿನಲ್ಲಿ ಇಡುತ್ತೇನೆ.