ಇಂಡಿಕೇಟರ್ ತಂತಿಗೆ ಹೆಚ್ಚುವರಿ ದೀಪ ಕಟ್ಟಿಸುವ ಮುನ್ನ ಇದನ್ನು ಓದಿ

ಘಟ್ಟದಲ್ಲಿ, ಮಂಜಿನಲ್ಲಿ ಓಡುವ ಪಿಕಪ್, ಟೆಂಪೊ, ಲಾರಿ ಇಟ್ಟುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಾಡಿಯ ಹಿಂಬದಿಗೆ ಎಚ್ಚರಿಕೆಯ ದೀಪ ಹೆಚ್ಚಿಗೆ ಹಾಕಿಸಬೇಡಿ ಎಂದು ಹೇಳುವವನು ನಾನಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಅದು ಬೇಕೇ ಬೇಕು. ಆ ದೀಪಗಳಿಗೆ ಕರೆಂಟನ್ನು ಎಲ್ಲಿಂದ ಎಳೆದಿದ್ದಾರೆ ಎಂದು ಕಣ್ಣಾರೆ ನೋಡದೆ ಮಾತ್ರ ಅಂಗಡಿಯಿಂದ ಗಾಡಿ ಹೊರಗೆ ತರಬೇಡಿ.

ನಮ್ಮ ಪಿಕಪ್ ಮೂಡಿಗೆರೆ ಕಡೆಯಿಂದ ತರಕಾರಿ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತದೆ. ಓಡಿಸುವವನು ನನ್ನ ತಮ್ಮ. ಜೂನ್ ಹಿಡಿಯಿತೆಂದರೆ ಕೊಟ್ಟಿಗೆಹಾರ ದಾಟಿದ ಮೇಲೆ ಮುಂದಿನ ಗಾಡಿಯ ಬೆನ್ನೇ ಕಾಣಿಸುವುದಿಲ್ಲ. ಅದಕ್ಕೇ ಮೇಲುಗಡೆ ಮಿನುಗುವ ಎರಡು ಹಳದಿ ಎಲ್‌ಇಡಿ ದೀಪ, ಹಿಂಬಾಗಿಲಿನ ಪಕ್ಕ ಎರಡು ಬಲ್ಬಿನ ದೀಪ ಹಾಕಿಸಬೇಕೆಂದು ಬಿಡಿಭಾಗಗಳ ಅಂಗಡಿಯೊಂದಕ್ಕೆ ಗಾಡಿ ಬಿಟ್ಟೆವು. ಬೇರೆ ಸ್ವಿಚ್ ಇರಲಿ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಡಬ್ಬಿ) ಹಾಕಿ ಎಂದು ಬಿಡಿಸಿ ಹೇಳಿದ್ದೆವು. ಬಿಲ್ಲಿನಲ್ಲಿ ರಿಲೇ ಇತ್ತು, ವೈರಿಂಗ್ ಸೆಟ್ ಇತ್ತು, ಫ್ಯೂಸ್ ಹೋಲ್ಡರ್ ಕೂಡ ಇತ್ತು. ಗಾಡಿಯಲ್ಲಿ ಇವು ಒಂದೂ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಸ್ವಿಚ್ ಎಲ್ಲಿ ಎಂದು ತಮ್ಮ ಕೇಳಿದ್ದಕ್ಕೆ ಅಂಗಡಿಯ ಎಲೆಕ್ಟ್ರಿಷಿಯನ್, "ಸ್ವಿಚ್ ಯಾಕೆ ಅಣ್ಣಾ? ನಾಲ್ಕೂ ಇಂಡಿಕೇಟರ್ ಹಾಕಿದರೆ ಇವೂ ಜತೆಗೇ ಮಿನುಗುತ್ತವೆ. ಎಷ್ಟೋ ಗಾಡಿಗಳಿಗೆ ಹೀಗೇ ಮಾಡಿಕೊಟ್ಟಿದ್ದೇವೆ, ಏನೂ ಆಗುವುದಿಲ್ಲ" ಎಂದನಂತೆ. ಒತ್ತಿ ತೋರಿಸಿದ, ಮಿನುಗಿದವು. ರಿಲೇ ಒಳಗೆ ಕೂತಿದೆ ಎಂದೂ ಹೇಳಿದ.

ಅವನು ಮಾಡಿದ್ದು ಇಷ್ಟು: ಹಿಂದಿನ ಎಡ ಇಂಡಿಕೇಟರಿನ ತಂತಿಯನ್ನು ಅರ್ಧ ಸೀಳಿ, ನಾಲ್ಕೂ ಹೊಸ ದೀಪಗಳನ್ನು ಅಲ್ಲಿಗೇ ತಿರುಚಿ ಕಟ್ಟಿ ಟೇಪ್ ಸುತ್ತಿದ.

ಹಳೆಯ ಗಾಡಿಗಳಲ್ಲಿ ಈ ಕೆಲಸ ಹೇಗೋ ನಡೆದುಹೋಗುತ್ತಿತ್ತು. ಆಗ ಇಂಡಿಕೇಟರ್ ಮಿನುಗಿಸುತ್ತಿದ್ದದ್ದು ಟಕ್ ಟಕ್ ಎನ್ನುವ ಒಂದು ಫ್ಲಾಷರ್ ಡಬ್ಬಿ. ಹೊರೆ ಹೆಚ್ಚಾಗಿ ಕೆಟ್ಟರೆ ಅದನ್ನು ಕಿತ್ತು ಇನ್ನೊಂದನ್ನು ಚುಚ್ಚಿದರೆ ಮುಗಿಯಿತು. ಈಗಿನ ಗಾಡಿಗಳಲ್ಲಿ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಂಟ್ರೋಲರ್ ಇರುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಬಿಸಿಎಂ. ಸ್ಟೇರಿಂಗಿನ ಕಡ್ಡಿ ಅದಕ್ಕೆ ಸಂಕೇತವನ್ನಷ್ಟೇ ಕೊಡುತ್ತದೆ. ಬಲ್ಬಿಗೆ ಕರೆಂಟು ಬಿಡುವುದು ಮಾಡ್ಯೂಲಿನ ಒಳಗಿರುವ, ಉಗುರಿನಷ್ಟಗಲದ ಟ್ರಾನ್ಸಿಸ್ಟರ್ ಚಿಪ್. ಯಾವ ತಂತಿಗೆ ಎಷ್ಟು ವಾಟಿನ ಬಲ್ಬು ಎಂದು ಕಾರ್ಖಾನೆಯವರು ಲೆಕ್ಕ ಹಾಕಿ ಅದನ್ನು ಕೂರಿಸಿರುತ್ತಾರೆ.

ನಮ್ಮ ಗಾಡಿಯ ಲೆಕ್ಕ ನೋಡಿ. ಎಡಗಡೆ ಮುಂದೆ 21 ವಾಟ್, ಹಿಂದೆ 21 ವಾಟ್, ಪಕ್ಕದ ಸಣ್ಣ ಬಲ್ಬು 5 ವಾಟ್. ಒಟ್ಟು 47 ವಾಟ್. 12 ವೋಲ್ಟಿಗೆ ಹತ್ತಿರಹತ್ತಿರ 4 ಆಂಪಿಯರ್. ಅದರ ಮೇಲೆ ಅಂಗಡಿಯವನು ಹೇರಿದ್ದು 21 ವಾಟಿನ ಎರಡು ಬಲ್ಬು, 18 ವಾಟಿನ ಎರಡು ಎಲ್‌ಇಡಿ, ಅಂದರೆ 78 ವಾಟ್. ಎರಡೂ ಸೇರಿ 125 ವಾಟ್, 10 ಆಂಪಿಯರಿಗೂ ಮೇಲೆ. ಇದು ಬಲ್ಬು ಉರಿಯುತ್ತಿರುವಾಗಿನ ಲೆಕ್ಕ. ತಣ್ಣಗಿರುವ ಬಲ್ಬಿನ ತಂತು ಹೊತ್ತಿಕೊಳ್ಳುವ ಕ್ಷಣದಲ್ಲಿ ಅದರ ಹತ್ತು ಪಟ್ಟಿನವರೆಗೂ ಕರೆಂಟು ಎಳೆಯುತ್ತದೆ, ಇಂಡಿಕೇಟರಿನಲ್ಲಿ ಆ ಕ್ಷಣ ಪ್ರತಿ ಮಿನುಗಿಗೂ ಮರಳಿ ಬರುತ್ತಿರುತ್ತದೆ. ಮನೆಯ ಕರೆಗಂಟೆಯ ತಂತಿಯಿಂದ ನೀರೆತ್ತುವ ಪಂಪು ಓಡಿಸಿದ ಹಾಗೆ ಇದು.

ಹಾಗಿದ್ದರೂ ಮೊದಲ ದಿನವೇ ಏನೂ ಸುಡುವುದಿಲ್ಲ. ನಮ್ಮನ್ನು ಯಾಮಾರಿಸಿದ್ದು ಇದೇ. ಆ ಚಿಪ್‌ಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಬುದ್ಧಿ ಇದೆ. ಕರೆಂಟು ಮಿತಿ ಮೀರಿದರೆ, ಮೈ ಬಿಸಿಯೇರಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ತಣ್ಣಗಾದ ಮೇಲೆ ಮತ್ತೆ ತೆರೆಯುತ್ತದೆ. ಪ್ರತಿ ಸಲವೂ ಅದರ ಆಯುಷ್ಯ ಸ್ವಲ್ಪ ಸವೆಯುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು, ಎಡ ಇಂಡಿಕೇಟರ್ ಒಮ್ಮೊಮ್ಮೆ ನಿಲ್ಲುತ್ತದೆ, ಆಮೇಲೆ ತಾನಾಗಿ ಸರಿಹೋಗುತ್ತದೆ ಎಂಬುದಷ್ಟೇ. ಮಳೆಯಲ್ಲಿ ಎಲ್ಲೋ ನೀರು ಹೋಗಿರಬೇಕು ಎಂದು ತಮ್ಮ ಅಂದುಕೊಂಡಿದ್ದ. ನಡುವೆ ಒಮ್ಮೆ ಫ್ಯೂಸ್ ಹೋಯಿತು. ಗಾಡಿಯನ್ನು ಅದೇ ಅಂಗಡಿಗೆ ಒಯ್ದ. 10 ಆಂಪಿಯರಿನ ಕೆಂಪು ಫ್ಯೂಸ್ ಇದ್ದ ಜಾಗದಲ್ಲಿ 20 ಆಂಪಿಯರಿನ ಹಳದಿ ಫ್ಯೂಸ್ ಕೂರಿಸಿ, "ಇನ್ನು ಹೋಗುವುದಿಲ್ಲ" ಎಂದು ಕಳಿಸಿದರು. ನಿಜ, ಫ್ಯೂಸ್ ಮತ್ತೆ ಹೋಗಲಿಲ್ಲ.

ಆಮೇಲೊಂದು ಸಂಜೆ ಘಾಟಿಯಲ್ಲಿ ಮಣ್ಣು ಜರಿದು ಅರ್ಧ ರಸ್ತೆಗೆ ಬಿದ್ದಿತ್ತು. ತಮ್ಮ ಗಾಡಿ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕಿ ಕುಳಿತಿದ್ದ. ಸ್ವಲ್ಪ ಹೊತ್ತಿಗೆ ಎಡಗಡೆಯ ಚಿಪ್ ಬಾಗಿಲು ಮುಚ್ಚಿಕೊಂಡಿತು. ಹೊಸ ದೀಪಗಳೆಲ್ಲ ಅದೇ ತಂತಿಯಲ್ಲಿದ್ದವಲ್ಲ, ಅವೂ ಆರಿದವು. ಉಳಿದದ್ದು ಬಲಗಡೆಯ ಇಂಡಿಕೇಟರ್ ಒಂದೇ. ಮಂಜಿನಲ್ಲಿ ಹಿಂದಿನಿಂದ ಬಂದ ಲಾರಿಯವರ ಕಣ್ಣಿಗೆ, ಮುಂದಿನ ಗಾಡಿ ಬಲಕ್ಕೆ ತಿರುಗಿಸಿಕೊಂಡು ಮಣ್ಣನ್ನು ದಾಟಿ ಹೊರಟಿದೆ ಎಂದು ಕಂಡಿತು. ಅವರು ವೇಗ ತಗ್ಗಿಸಲಿಲ್ಲ. ಗಾಡಿ ನಿಂತೇ ಇದೆ ಎಂದು ಗೊತ್ತಾಗುವಷ್ಟರಲ್ಲಿ ಹತ್ತಿರ ಬಂದಿದ್ದರು. ಬ್ರೇಕ್ ಒತ್ತಿ, ಟೈರ್ ಜಾರಿ, ಹಿಂಬಾಗಿಲಿಗೆ ಮೊಳದಷ್ಟು ಅಂತರದಲ್ಲಿ ಲಾರಿ ನಿಂತಿತು. ಇಳಿದುಬಂದು ಬೈದರು. ಬೈದದ್ದರಲ್ಲಿ ನ್ಯಾಯವೂ ಇತ್ತು. ಏನೂ ಮಿನುಗದೆ ಇದ್ದಿದ್ದರೆ ಅವರು ಇನ್ನಷ್ಟು ಎಚ್ಚರ ವಹಿಸುತ್ತಿದ್ದರೋ ಏನೋ. ಒಂದೇ ಕಡೆ ಮಿನುಗುವ ದೀಪ ಸುಳ್ಳು ಹೇಳುತ್ತದೆ.

ಮುಂದಿನ ವಾರ ಚಿಪ್ ಪೂರ್ತಿ ಸೋತಿತು. ಇಂಥ ಚಿಪ್ ಸಾಯುವಾಗ ಹಲವು ಸಲ ಬಾಗಿಲು ತೆರೆದುಕೊಂಡೇ ಸಾಯುತ್ತದೆ. ಕೀ ತೆಗೆದರೂ ಎಡಗಡೆಯ ದೀಪಗಳೆಲ್ಲ ಉರಿಯುತ್ತಲೇ ಇದ್ದವು, ಬೆಳಗಾಗುವಾಗ ಬ್ಯಾಟರಿ ಖಾಲಿ. ಸರ್ವೀಸ್ ಸೆಂಟರಿಗೆ ಎಳೆದುಕೊಂಡು ಹೋದೆವು. ಅವರು ಹಿಂದಿನ ಲೈಟಿನ ಬಳಿ ಟೇಪ್ ಬಿಚ್ಚಿ ನೋಡಿ, ಫೋಟೊ ತೆಗೆದುಕೊಂಡು, ವಾರಂಟಿ ಇಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಹೊಸ ಮಾಡ್ಯೂಲಿಗೆ ಇಪ್ಪತ್ತು ಸಾವಿರಕ್ಕೂ ಮೇಲೆ ತೆತ್ತೆವು. ತಂದು ಚುಚ್ಚಿದರೆ ಸಾಲದು, ಕಂಪ್ಯೂಟರ್ ಹಚ್ಚಿ ಆ ಗಾಡಿಗೆ ಅದನ್ನು ಹೊಂದಿಸಬೇಕು, ಕೀಯನ್ನೂ ಅದಕ್ಕೆ ಪರಿಚಯಿಸಬೇಕು. ಅಲ್ಲಿಯವರೆಗೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ತರಕಾರಿ ಸಾಗಿಸಲು ಬಾಡಿಗೆ ಗಾಡಿ ಹಿಡಿದ ಖರ್ಚು ಬೇರೆ. ಅಂಗಡಿಯವರನ್ನು ಕೇಳಿದರೆ ಗಾಡಿಯೇ ಸರಿಯಿಲ್ಲ ಎಂದರು. ಬಿಲ್ಲಿನಲ್ಲಿರುವ ರಿಲೇ ಎಲ್ಲಿ ಎಂದಾಗ ಹುಡುಗ ಮರೆತಿರಬೇಕು ಎಂದರು.

ಈಗ ಸರಿಯಾದ ಕ್ರಮ. ಸರ್ವೀಸ್ ಸೆಂಟರಿನ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಹೊಸದಾಗಿ ಕಟ್ಟಿಕೊಟ್ಟರು, ನಾನು ಪಕ್ಕದಲ್ಲೇ ನಿಂತು ನೋಡಿದೆ. ಬ್ಯಾಟರಿಯ ಪ್ಲಸ್‌ನಿಂದ ಹೊಸ ತಂತಿ ಹೊರಡಬೇಕು, ಹೊರಟ ಗೇಣಿನೊಳಗೇ ಫ್ಯೂಸ್ ಇರಬೇಕು. ಫ್ಯೂಸ್ ಇರುವುದು ತಂತಿಯನ್ನು ಕಾಯುವುದಕ್ಕೆ; ದೂರ ಇಟ್ಟರೆ ಅಲ್ಲಿಯವರೆಗಿನ ತಂತಿಗೆ ಕಾವಲಿಲ್ಲ. ನಮ್ಮ 78 ವಾಟಿಗೆ ಆರೂವರೆ ಆಂಪಿಯರ್ ಬೇಕು, 10 ಆಂಪಿಯರ್ ಫ್ಯೂಸ್ ಮತ್ತು ಒಂದೂವರೆ ಚದರ ಮಿಲಿಮೀಟರ್ ತಂತಿ ಹಾಕಿದರು. ಅದು ರಿಲೇಯ 30ನೇ ಕಾಲಿಗೆ ಹೋಗುತ್ತದೆ, 87ನೇ ಕಾಲಿನಿಂದ ದೀಪಗಳಿಗೆ. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ಬಂದ ಸಣ್ಣ ತಂತಿ 86ಕ್ಕೆ, 85 ಅರ್ಥ್‌ಗೆ. ರಿಲೇಯ ಸುರುಳಿ ಎಳೆಯುವುದು ಸುಮಾರು 0.15 ಆಂಪಿಯರ್ ಮಾತ್ರ. ಕಂಟ್ರೋಲರಿನ ಯಾವ ತಂತಿಯನ್ನೂ ಮುಟ್ಟಿಲ್ಲ.

ಇಂಡಿಕೇಟರ್ ಜತೆಗೇ ಮಿನುಗಲೇಬೇಕು ಎನ್ನುವವರು ಆ ತಂತಿಯಿಂದ ರಿಲೇಯ ಸುರುಳಿಯನ್ನಷ್ಟೇ ಎತ್ತಬಹುದು, ಆದರೆ ನನಗೆ ಅದು ಹಿಡಿಸುವುದಿಲ್ಲ. ಸುರುಳಿಗೆ ಕರೆಂಟು ನಿಂತ ಕ್ಷಣ ಅದು ನೂರಾರು ವೋಲ್ಟಿನ ತಿರುಗೇಟು ಕೊಡುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಳಗಿರುವ ರಿಲೇ ಅಲ್ಲದಿದ್ದರೆ ಆ ಏಟು ನೇರ ಕಂಟ್ರೋಲರಿಗೆ. ಡಯೋಡ್ ಇದ್ದರೆ 85, 86 ಅದಲುಬದಲಾಗಬಾರದು, ರಿಲೇಯ ಮೈಮೇಲಿನ ಚಿತ್ರ ನೋಡಿಯೇ ಜೋಡಿಸಬೇಕು. ಇಂಡಿಕೇಟರ್ ನಿಮಿಷಕ್ಕೆ 90 ಸಲ ಮಿನುಗಿದರೆ ಗಂಟೆಗೆ 5400 ಸಲ ರಿಲೇ ಬಡಿಯುತ್ತದೆ. ಪೂರ್ಣ ಹೊರೆಯಲ್ಲಿ ಒಂದು ಲಕ್ಷ ಸಲ ಎಂಬುದು ಇಂಥ ರಿಲೇಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಬಾಳಿಕೆ. ಕಡಿಮೆ ಹೊರೆಗೆ ಹೆಚ್ಚು ಬಾಳಬಹುದು, ಆದರೂ ಗಡಿಯಾರ ಓಡುತ್ತಿರುತ್ತದೆ. ತಾನೇ ಮಿನುಗುವ ಎಲ್‌ಇಡಿಗೆ ಮಿನುಗುವ ಕರೆಂಟು ಕೊಡುವುದಂತೂ ವ್ಯರ್ಥ. ಪ್ರತಿ ಸಲ ಮೊದಲಿನಿಂದ ಶುರುಮಾಡಿಕೊಂಡು ಮಂಕಾಗಿ ತಡವರಿಸುತ್ತದೆ. ಬೇರೆ ಸ್ವಿಚ್ಚಿಟ್ಟು ಅದಕ್ಕೆ ನಿರಂತರ ಕರೆಂಟು ಕೊಡಿ.

ಟೈಲ್ ಲೈಟಿನ ತಂತಿಯಿಂದ ಎಳೆಯುತ್ತೇವೆ ಎಂದರೂ ಒಪ್ಪಬೇಡಿ. ಕೆಲವು ಗಾಡಿಗಳಲ್ಲಿ ಕಂಟ್ರೋಲರ್ ಆ ತಂತಿಗೆ ಕರೆಂಟನ್ನು ಸೆಕೆಂಡಿಗೆ ಎಷ್ಟೋ ಸಲ ಕತ್ತರಿಸಿ ಕತ್ತರಿಸಿ ಬಿಡುತ್ತದೆ. ಅಲ್ಲಿಗೆ ರಿಲೇ ಕಟ್ಟಿದರೆ ಅದು ಗರಗರ ಎನ್ನುತ್ತಾ ಕೂರುತ್ತದೆ. ಅರ್ಥ್ ತಂತಿಯನ್ನು ಬಣ್ಣ ಕೆರೆಯದೆ ತಗಡಿಗೆ ಸ್ಕ್ರೂ ಹೊಡೆದು ಬಿಟ್ಟಿದ್ದಾರೆಯೇ ಎಂದೂ ನೋಡಿ, ನಮ್ಮದರಲ್ಲಿ ಹಾಗೇ ಇತ್ತು.

ಈಗಾಗಲೇ ದೀಪ ಹಾಕಿಸಿರುವವರು ಇವತ್ತೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಂಡಿಕೇಟರ್ ಹಾಕಿ ಹಿಂದೆ ಹೋಗಿ ನೋಡಿ. ಯಾವುದಾದರೂ ಒಂದು ಕಡೆಗೆ ಹೊಸ ದೀಪಗಳೆಲ್ಲ ಮಿನುಗಿದರೆ ಕಟ್ಟಿರುವುದು ಆ ಕಡೆಯ ತಂತಿಗೆ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿರುವ ಸಂಖ್ಯೆಗೂ ಒಳಗಿರುವ ಫ್ಯೂಸಿನ ಬಣ್ಣಕ್ಕೂ ತಾಳೆ ನೋಡಿ: 10 ಕೆಂಪು, 15 ನೀಲಿ, 20 ಹಳದಿ. ಬಿಲ್ಲಿನಲ್ಲಿ ರಿಲೇ ಇದ್ದರೆ ಅದನ್ನು ಕೈಯಿಟ್ಟು ತೋರಿಸಲು ಹೇಳಿ. ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪ್ ಹಿಡಿದು ಕಂಟ್ರೋಲರಿನ ತಂತಿಗಳನ್ನು ಚುಚ್ಚುತ್ತಾ ಹೋಗುವವರ ಕೈಗೆ ಗಾಡಿ ಕೊಡಬೇಡಿ, ಮಲ್ಟಿಮೀಟರ್ ಇಟ್ಟುಕೊಂಡವರನ್ನು ಹುಡುಕಿ.

ಬಣ್ಣದ ಬಗ್ಗೆಯೂ ಒಂದು ಮಾತು. ಆ ಅಂಗಡಿಯವರು ಕೆಂಪು-ನೀಲಿ ದೀಪ ಚೆನ್ನಾಗಿ ಕಾಣುತ್ತದೆ ಎಂದು ನಮಗೂ ಮಾರಲು ನೋಡಿದ್ದರು. ಆ ಬಣ್ಣಗಳ ಮಿನುಗು ದೀಪ ತುರ್ತು ಸೇವೆಯ ವಾಹನಗಳದ್ದು; ತರಕಾರಿ ಗಾಡಿಗೆ ಅದನ್ನು ಕಟ್ಟಿದರೆ ಪೊಲೀಸರು ಹಿಡಿಯುತ್ತಾರೆ, ಹಿಡಿಯಬೇಕು ಕೂಡ. ಹಳದಿಯನ್ನಾದರೂ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗುವ ಮುನ್ನ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ತೋರಿಸಿ ಕೇಳಿಕೊಳ್ಳಿ.