ಫೆಂಡರ್ ಪ್ರಿಸಿಶನ್ ಬೇಸ್: ಮಿಕ್ಸ್ ಮಾಡುವವರ ಕಿವಿಗೆ ಹೇಗೆ?

ಫೆಂಡರ್ ಕಂಪನಿಯ ಈ ಬೇಸ್ ಗಿಟಾರಿನಲ್ಲಿರುವುದು ಇಷ್ಟೇ: ಒಂದು ವಾಲ್ಯೂಮ್ ಗುಂಡಿ, ಒಂದು ಟೋನ್ ಗುಂಡಿ, ಎರಡು ತುಂಡಿನ ಒಂದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ). 1951ರಲ್ಲಿ ಬಂದ ಪ್ರಿಸಿಶನ್‌ಗೆ ಈ ಪಿಕಪ್ ಸೇರಿದ್ದು 1957ರಲ್ಲಿ. ಒಂದು ತುಂಡು ಇ, ಎ ತಂತಿಗಳಿಗೆ, ಇನ್ನೊಂದು ಡಿ, ಜಿ ತಂತಿಗಳಿಗೆ. ಡಿ, ಜಿ ಜೋರಾಗಿ ಕೇಳುತ್ತಿದ್ದರೆ ಮಿಕ್ಸಿಂಗಿನ ಫೇಡರ್ (ವಾಲ್ಯೂಮ್ ಏರಿಳಿಸುವ ಜಾರುಗುಂಡಿ) ಎಳೆದಾಡಬೇಡಿ, ಸ್ಕ್ರೂಡ್ರೈವರ್ ಹಿಡಿದು ಆ ತುಂಡನ್ನು ಸ್ವಲ್ಪ ಇಳಿಸಿ.

ಎರಡು ತುಂಡೂ ಸೇರಿ ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು, ಕಳೆಯುತ್ತವೆ. ಎರಡು ಪಿಕಪ್, ಎರಡು ವಾಲ್ಯೂಮ್ ಇರುವ ಫೆಂಡರ್ ಜಾಝ್ ಬೇಸ್‌ನಲ್ಲಿ ಹಾಗಲ್ಲ: ಎರಡೂ ವಾಲ್ಯೂಮ್ ಪೂರ್ತಿ ಇದ್ದರೆ ಹಮ್ ಇಲ್ಲ, ಒಂದನ್ನು ಇಳಿಸಿದರೆ ಹಮ್. ನಮ್ಮ ಕರೆಂಟು 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್ಟಿನ (ನೆಕ್ ಮೇಲಿನ ಲೋಹದ ಪಟ್ಟಿ) ಜಿ ಸ್ವರ 49 ಹರ್ಟ್ಸ್. ಹಮ್ ಕತ್ತರಿಸಲು ಹೋದರೆ ಸ್ವರದ ಬುಡವೂ ಹೋಗುತ್ತದೆ. ಜಾಝ್‌ನ ಎರಡೂ ಪಿಕಪ್ ಸೇರಿದಾಗ ನಡುವಿನ ಧ್ವನಿ ಟೊಳ್ಳಾಗುವುದರಿಂದ 700 ಹರ್ಟ್ಸ್ ಆಸುಪಾಸು ಏರಿಸಬೇಕಾಗುತ್ತದೆ. ಪ್ರಿಸಿಶನ್‌ಗೆ ಹೆಚ್ಚಾಗಿ ಬೇಕಾಗುವುದು 250ರ ಸುತ್ತ ಎರಡು-ಮೂರು ಡೆಸಿಬೆಲ್ ಇಳಿಕೆ. ಅಲ್ಲಿಗೆ ಒಂದೇ ಪ್ರಿಸೆಟ್ (ಮೊದಲೇ ಉಳಿಸಿಟ್ಟ ಹೊಂದಿಕೆ) ಎರಡಕ್ಕೂ ಆಗದು.

ತಂತಿ ಬದಲಾದರೆ ಲೆಕ್ಕ ಮತ್ತೆ ತಲೆಕೆಳಗು. ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಶನ್‌ಗೆ ಹಳೆಯ ಫ್ಲ್ಯಾಟ್‌ವೌಂಡ್ (ನುಣುಪು ಮೈಯ) ತಂತಿ ಹಾಕಿ, ಬಲಗೈಯ ತೋರುಬೆರಳೊಂದರಲ್ಲೇ ನುಡಿಸುತ್ತಿದ್ದರು. ಅಂಥ ತಂತಿಯಲ್ಲಿ ಮೇಲಿನ ಮಿನುಗು ಹುಟ್ಟುವುದೇ ಇಲ್ಲ. 3 ಕಿಲೋಹರ್ಟ್ಸ್ ಏರಿಸಿದರೆ ಸಿಗುವುದು ಬರೀ ಹಿಸ್. ಒರಟು ಮೈಯ ಹೊಸ ರೌಂಡ್‌ವೌಂಡ್‌ನಲ್ಲಿ ಅದೇ ಜಾಗದಲ್ಲಿ ಫ್ರೆಟ್ ಸದ್ದು ರಾಚುತ್ತದೆ, ಇಳಿಸಬೇಕು.

ಇನ್ನು ಕೈ. ನೆಕ್ ಕಡೆ ಮೀಟಿದರೆ ದಪ್ಪ, ಬ್ರಿಡ್ಜ್ ಕಡೆ ಮೀಟಿದರೆ ಗಡಸು. ಹಾಡಿನ ನಡುವೆ ಕೈ ಜಾರುತ್ತಿದ್ದರೆ ಒಂದೇ ಇಕ್ಯೂ (ಆವರ್ತನಗಳನ್ನು ಏರಿಳಿಸುವ ಹೊಂದಿಕೆ) ಪೂರ್ತಿ ಹಾಡಿಗೆ ಸಾಲದು. ಸಮವಾಗಿ ಬೆರಳಾಡಿಸುವವರಿಗೆ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಸಾಧನ) ಅನುಪಾತ 4:1, ಅಟ್ಯಾಕ್ (ಅದು ಎದ್ದು ಕೆಲಸಕ್ಕಿಳಿಯಲು ಹಿಡಿಯುವ ಸಮಯ) 25 ಮಿಲಿಸೆಕೆಂಡ್, 3ರಿಂದ 4 ಡೆಸಿಬೆಲ್ ತಗ್ಗಿದರೆ ಸಾಕು. ಹೆಬ್ಬೆರಳಿಂದ ತಂತಿಗೆ ಹೊಡೆಯುವ ಸ್ಲ್ಯಾಪ್‌ಗೆ ಅದೇ ಅಟ್ಯಾಕ್ ಇಟ್ಟರೆ ಏಟು ಪೂರ್ತಿ ದಾಟಿಹೋದ ಮೇಲೆ ಕಂಪ್ರೆಸರ್ ಏಳುತ್ತದೆ. ಅಟ್ಯಾಕ್ 5 ಮಿಲಿಸೆಕೆಂಡಿಗಿಳಿಸಿ, ಇಲ್ಲವೇ ಕಂಪ್ರೆಸರಿನ ಮುಂದೆ ಒಂದು ಲಿಮಿಟರ್ (ಸದ್ದು ಒಂದು ಮಟ್ಟ ಮೀರದಂತೆ ತಡೆಯುವ ಸಾಧನ) ಇಡಿ. ಎಡಗೈ ತಂತಿ ಒತ್ತಿ ನಿಲ್ಲಿಸದೆ ಸ್ವರಗಳು ಒಂದರ ಮೇಲೊಂದು ಬಿದ್ದಿದ್ದರೆ ಅದಕ್ಕೆ ಪ್ಲಗಿನ್ ಇಲ್ಲ, ಮತ್ತೆ ನುಡಿಸಬೇಕು.

ರೆಕಾರ್ಡಿಂಗ್‌ಗೆ ಬೇಸನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ ಇನ್‌ಸ್ಟ್ರುಮೆಂಟ್ ಇನ್‌ಪುಟ್ಟೇ ಬಳಸಿ. ಪ್ಯಾಸಿವ್ (ಬ್ಯಾಟರಿ ಇಲ್ಲದ) ಪಿಕಪ್ಪನ್ನು ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ಧ್ವನಿ ಮಂಕು.

ಮನೆಯಲ್ಲೇ ರೆಕಾರ್ಡ್ ಮಾಡುವವರಿಗೆ, ಕಂಪ್ಯೂಟರ್ ಪಕ್ಕದಲ್ಲೇ ಕೂತು ನುಡಿಸುವವರಿಗೆ ಹಮ್ ಕಳೆಯುವ ಈ ಪ್ರಿಸಿಶನ್ನೇ ಸರಿ. ಬಗೆಬಗೆಯ ಧ್ವನಿ ಬೇಕೆನ್ನುವವರಿಗೆ ಒಂದೇ ಪಿಕಪ್ ಬೇಗ ಬೇಸರ ತರಿಸೀತು. ಅಂಗಡಿಯಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್‌ವರೆಗೆ ಒಂದೊಂದೇ ಸ್ವರ ಮೀಟಿ, ಆರುವವರೆಗೂ ಕಾಯಿರಿ. ಈ ಜಾತಿಯ ನೆಕ್ಕಿನಲ್ಲಿ ಸ್ವರ ಬೇಗ ಸಾಯುವುದು ಹೆಚ್ಚಾಗಿ ಅಲ್ಲೇ. ಕಂಪ್ರೆಸರ್ ಎಷ್ಟು ಒತ್ತಿದರೂ ಅದು ಉದ್ದವಾಗದು. ಅದೇ ಸ್ವರವನ್ನು ಡಿ ತಂತಿಯ 10ರಿಂದ 12ರಲ್ಲಿ ಹಿಡಿಯಬೇಕು, ಆದರೆ ಅಲ್ಲಿ ಧ್ವನಿ ಇನ್ನಷ್ಟು ದಪ್ಪ.